ಚಾಂದಮಾರಿ ಗುಡ್ಡದ ಕೆಳಗಿನ ಬಾಣಂತನಗಳು

ನನ್ನ ತಂಗಿಯ ಮೊಮ್ಮಗಳು ಈ ವರ್ಷ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದಳು. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ನಮಸ್ಕಾರ ಮಾಡಲು ಬಂದವಳು, "ಅಜ್ಜಿ, ನಿಮ್ಮ ಕಾಲದಾಗ ನಮ್ಮಷ್ಟು ಕೆಲಸ ಇರಲಿಲ್ಲ ಬಿಡ್ರಿ, ಇಷ್ಟು ಔಷಧ ಎಲ್ಲಿದ್ದವು ಆಗ" ಅಂದಳು. ಔಷಧ ಕಡಿಮೆ ಇದ್ದದ್ದು ನಿಜ. ಔಷಧ ಕಡಿಮೆ ಇದ್ದರೆ ಕೆಲಸ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ಅವಳಿಗೆ ಬಾಯಲ್ಲಿ ಹೇಳಬಹುದಿತ್ತು. ಆದರೆ ನಾನು ಹೇಳಲು ಕೂತರೆ ಅವಳು ಗಡಿಯಾರ ನೋಡುತ್ತಾಳೆ. ಆದ್ದರಿಂದ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ತಡೆದರು ಎಂಬ ಪುರಾಣ ಇಲ್ಲಿಲ್ಲ. ಅದನ್ನು ಕೇಳಿ ಯಾವ ಹುಡುಗಿಯೂ ಒಂದು ಹೆರಿಗೆ ಮಾಡಿಸಲು ಕಲಿಯುವುದಿಲ್ಲ.

ನಾನು ಬಾಗಲಕೋಟೆ ಕಡೆಯವಳು. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಅಣ್ಣ ನನ್ನನ್ನು ಪುಣೆಗೆ ಕರೆತಂದ. ಅವನು ಕ್ಯಾಂಪಿನ, ಅಂದರೆ ದಂಡಿನ, ಒಂದು ಕಚೇರಿಯಲ್ಲಿ ಗುಮಾಸ್ತ. ಅವನ ಮನೆಯ ಅಡುಗೆಕೋಣೆಯಲ್ಲಿ ಇಬ್ಬರು ಹೆಂಗಸರಿಗೆ ಜಾಗ ಸಾಲದು ಎಂಬುದು ನನಗೆ ಬೇಗ ತಿಳಿಯಿತು. ಅತ್ತಿಗೆ ಕೆಟ್ಟವಳಲ್ಲ, ಕೋಣೆ ಚಿಕ್ಕದು. ಹೀಗೆ ನಾನು ನರ್ಸಿನ ಕೆಲಸ, ಹೆರಿಗೆ ಕೆಲಸ ಕಲಿತೆ. ಕಲಿತು ಕೆಲವು ವರ್ಷ ಶಹರದ ದವಾಖಾನೆಯಲ್ಲಿ ದುಡಿದ ಮೇಲೆ, ದಂಡಿನ ಸೀಮೆಯ ಆಚೆ ಇದ್ದ ಒಂದು ಸಣ್ಣ ಸರಕಾರಿ ದವಾಖಾನೆಗೆ ನನ್ನನ್ನು ಕಳಿಸಿದರು. ಸುತ್ತಲಿನ ವಾಡಿಗಳಿಗೆ, ಅಂದರೆ ಸಣ್ಣ ಹಳ್ಳಿಗಳಿಗೆ, ನಡೆದುಕೊಂಡು ಹೋಗಿ ಬಸುರಿಯರನ್ನು, ಬಾಣಂತಿಯರನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆ ವಾಡಿಗಳಲ್ಲಿ ಒಂದು ಲಿಂಬವಾಡಿ.

ಲಿಂಬವಾಡಿಯ ಹಿಂದೆ ಒಂದು ಬೋಳು ಗುಡ್ಡ. ಗುಡ್ಡದ ಆಚೆ ಚಾಂದಮಾರಿ, ಅಂದರೆ ಸಿಪಾಯಿಗಳು ಗುರಿ ಹೊಡೆಯಲು ಕಲಿಯುವ ಬಯಲು. ಮೊದಲು ಬರೀ ಬಂದೂಕು ಹಾರಿಸುತ್ತಿದ್ದರಂತೆ. ಜರ್ಮನಿಯ ಮೊದಲ ಯುದ್ಧ ಮುಗಿದ ಮೇಲೆ ಫಿರಂಗಿಗಳು ಬಂದವು. ಫಿರಂಗಿ ಊರಿನ ಒಂದು ಬದಿಗೆ, ಗುರಿ ಇನ್ನೊಂದು ಬದಿಗೆ, ಗುಂಡು ಹಾರುವ ದಾರಿಯ ಕೆಳಗೆ ಲಿಂಬವಾಡಿ. ಊರನ್ನು ಯಾರೂ ಅಲ್ಲಿಗೆ ತಂದು ಇಟ್ಟಿದ್ದಲ್ಲ, ಅದು ಮೊದಲಿನಿಂದ ಅಲ್ಲೇ ಇತ್ತು.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಬೆಳಿಗ್ಗೆ ಬಿಸಿಲೇರಿತ್ತು. ಊರಲ್ಲಿ ಒಂದು ನರಪಿಳ್ಳೆ ಇಲ್ಲ. ಬಾಗಿಲುಗಳಿಗೆ ಚಿಲಕ, ಒಂದು ಮನೆಯ ಅಂಗಳದಲ್ಲಿ ಇನ್ನೂ ಬೆಚ್ಚಗಿದ್ದ ಒಲೆ, ಹೊರಸಿನ ಮೇಲೆ ಕೂತ ಕೋಳಿ. ಪ್ಲೇಗು ಬಂದು ಊರು ಬಿಟ್ಟಿದ್ದಾರೆ ಎಂದೇ ತಿಳಿದೆ. ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಒಬ್ಬ ಮನುಷ್ಯ ಎದ್ದುಬಿದ್ದು ಓಡಿ ಬರುತ್ತ ಮರಾಠಿಯಲ್ಲಿ ಕೂಗತೊಡಗಿದ. ನಾನು ಕದಲಲಿಲ್ಲ. ಸಿಟ್ಟು ನೆತ್ತಿಗೇರಿದಾಗ ಅವನ ಬಾಯಿಂದ ಹೊರಟದ್ದು ಅಚ್ಚ ಕನ್ನಡ.

"ಏ ಹುಚ್ಚವ್ವಾ, ಸಾಯಾಕ ಬಂದೀಯೇನ ಇಲ್ಲಿ?"

"ಕನ್ನಡ ಕೇಳಿ ಭಾಳ ದಿನ ಆಗಿತ್ತಪಾ," ಅಂದೆ ನಾನು. "ಬೈಯೂದಿದ್ರ ಪೂರಾ ಬೈದುಬಿಡು."

ಅವನು ಗಕ್ಕನೆ ನಿಂತ. ತಲೆಯ ರುಮಾಲು ಸರಿಮಾಡಿಕೊಂಡು, "ತಪ್ಪಾತ್ರಿ ಅಕ್ಕಾರ, ನಮ್ಮವ್ರು ಅಂತ ಗೊತ್ತಿರಲಿಲ್ಲ. ಲಗೂನ ನಡೀರಿ, ಬಾವುಟ ಏರೇದ" ಅಂದ. ತಿರುಗಿ ನೋಡಿದರೆ ಗುಡ್ಡದ ನೆತ್ತಿಯಲ್ಲಿ ಕೆಂಪು ಬಾವುಟ. ಅದು ಏರಿತೆಂದರೆ ಸಂಜೆ ಇಳಿಯುವ ತನಕ ಊರಲ್ಲಿ ಯಾರೂ ಇರಕೂಡದು. ಇವನ ಹೆಸರು ಸಿದ್ಧಪ್ಪ, ಇಂಡಿ ತಾಲೂಕಿನವನು. ಬಾವುಟ ಏರಿಸುವುದು, ಮನೆಮನೆಗೆ ಹೋಗಿ ಜನರನ್ನು ಹೊರಡಿಸುವುದು, ಸಂಜೆ ಬಾವುಟ ಇಳಿಸುವುದು ಇವನ ನೌಕರಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು, ಇನ್ನೊಬ್ಬರನ್ನು ಊರು ಬಿಡಿಸುವ ಕೆಲಸ ಹಿಡಿದಿದ್ದ.

ಅವನ ಹಿಂದೆ ಹಳ್ಳದ ದಂಡೆಯ ಮಾವಿನ ಬನಕ್ಕೆ ಹೋದೆ. ಇಡೀ ಲಿಂಬವಾಡಿ ಅಲ್ಲಿತ್ತು. ಮುದುಕರು, ಎಮ್ಮೆಗಳು, ರೊಟ್ಟಿಯ ಗಂಟು, ಜ್ವರದ ಕೂಸುಗಳು, ಎಲ್ಲ ಒಂದೇ ನೆರಳಿನಲ್ಲಿ. ಮೊದಲ ಫಿರಂಗಿ ಹಾರಿದಾಗ ನಾನು ನನ್ನ ಚೀಲ ಕೆಳಗೆ ಹಾಕಿದೆ. ಅಯೋಡಿನ್ ಸೀಸೆ ಒಡೆಯಿತು. ಊರಿನವರು ನಕ್ಕರು. ಅವರ ನಗೆಯಲ್ಲಿ ಕುಚೋದ್ಯವಿರಲಿಲ್ಲ, ಹೊಸ ಸೊಸೆ ಮೊದಲ ದಿನ ಉಪ್ಪು ಮರೆತರೆ ನಗುವ ಹಾಗೆ ನಕ್ಕರು. ಆವತ್ತಿನಿಂದ ನಾನು ಆ ಊರಿನವಳಾದೆ ಎಂದು ಈಗ ಅನ್ನಿಸುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಒಂದು ಮಾತು. ರೋಗಿಯ ನಾಲಿಗೆ ನೋಡುವ ಮೊದಲು ಊರನ್ನು ನೋಡಿರಿ. ಲಿಂಬವಾಡಿಯಲ್ಲಿ ಚಳಿಜ್ವರ ಯಾಕೆ ಬಿಡುವುದಿಲ್ಲ ಎಂದು ದವಾಖಾನೆಯಲ್ಲಿ ಕೂತರೆ ತಿಳಿಯುವಂತಿರಲಿಲ್ಲ. ಗುಂಡು ಬಿದ್ದಲ್ಲೆಲ್ಲ ಗುಂಡಿ. ಮಳೆಗಾಲದಲ್ಲಿ ಪ್ರತಿ ಗುಂಡಿಯಲ್ಲೂ ನೀರು, ನೀರಲ್ಲಿ ಸೊಳ್ಳೆಮರಿ. ಬೇಸಿಗೆಯಲ್ಲಿ ಗುಂಡಿನ ಕಿಡಿಗೆ ಗುಡ್ಡದ ಹುಲ್ಲು ಹೊತ್ತಿಕೊಂಡು ದನಗಳಿಗೆ ಮೇವಿಲ್ಲ, ಕೂಸುಗಳಿಗೆ ಹಾಲಿಲ್ಲ, ಹೊಗೆಗೆ ಮುದುಕರಿಗೆ ಕೆಮ್ಮು. ನೆಲ ನಡುಗಿ ನಡುಗಿ ಬಾವಿಯ ಕಲ್ಲು ಸಡಿಲಾಗಿ, ಮೊದಲು ಕನ್ನಡಿಯಂತಿದ್ದ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಗೋಡೆಗಳಲ್ಲಿ ಬಿರುಕು, ಬಿರುಕಿನಲ್ಲಿ ಚೇಳು. ಯಾರಾದರೂ ಬಾಗಿಲು ಜೋರಾಗಿ ಮುಚ್ಚಿದರೂ ಸಣ್ಣ ಮಕ್ಕಳು ಉಚ್ಚೆ ಹೊಯ್ದುಕೊಳ್ಳುತ್ತಿದ್ದವು.

ನಮ್ಮ ಡಾಕ್ಟರ ಸಾಹೇಬರು ಸಾತಾರಾ ಕಡೆಯವರು, ಸಜ್ಜನರು, ಕುರ್ಚಿಯ ಮೇಲೆ ಬಹಳ ಪ್ರೀತಿ. ನಾನು ಗುಂಡಿಗಳ ವಿಷಯ ಹೇಳಿದರೆ, "ವರಿಷ್ಠರಿಗೆ ಬರೆಯೋಣ" ಎನ್ನುತ್ತಿದ್ದರು. ಬರೆಯುತ್ತಲೂ ಇದ್ದರು. ಅತ್ತ ಬರೆದದ್ದು ಹೋಗುವುದು, ಇತ್ತ ಮಳೆಗಾಲ ಬರುವುದು. ಕೊನೆಗೆ ಅವರೇ ಒಂದು ಡಬ್ಬಿ ಸೀಮೆಎಣ್ಣೆ ಕೊಡಿಸಿ, "ನರ್ಸ್‌ಬಾಯಿ, ಇದನ್ನು ನಾನು ನಿಮಗೆ ಕೊಟ್ಟಿಲ್ಲ" ಅಂದರು. ಕೊಡದ ಆ ಎಣ್ಣೆಯನ್ನು ನಾನೂ ಸಿದ್ಧಪ್ಪನೂ ಬಾವುಟವಿಲ್ಲದ ದಿನಗಳಲ್ಲಿ ಗುಂಡಿಗುಂಡಿಗೆ ಸುರಿದು ಬಂದೆವು. ಆ ವರ್ಷ ಕ್ವಿನೈನ್ ಸ್ವಲ್ಪ ಉಳಿಯಿತು.

ಊರಲ್ಲಿ ನನಗಿಂತ ಮೊದಲಿನ ಸೂಲಗಿತ್ತಿ ಸಕು ಆಜಿ. ನನ್ನನ್ನು ಕಂಡರೆ ಅವಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಹೊಕ್ಕುಳಬಳ್ಳಿ ಕೊಯ್ಯುವ ಕತ್ತರಿ ಕುದಿಸುತ್ತೇನೆಂದರೆ, "ಕತ್ತರಿ ತಿನ್ನುತ್ತೀಯೇನು, ಬೇಯಿಸೋದಕ್ಕೆ?" ಎಂದು ಮರಾಠಿಯಲ್ಲಿ ಕೇಳುವಳು. ನಾನು ಅವಳೊಡನೆ ವಾದಕ್ಕೆ ಇಳಿಯದೆ ಒಲೆ ಹೊತ್ತಿಸುವ ಕೆಲಸವನ್ನು ಅವಳಿಗೇ ಬಿಟ್ಟೆ. ಒಲೆ ಅವಳದ್ದಾದ ಮೇಲೆ ಕುದಿಸುವುದೂ ಅವಳ ಶಾಸ್ತ್ರವೇ ಆಯಿತು. ಮುಂದೆ ಯಾರಾದರೂ ಕುದಿಸದ ಕುಡುಗೋಲು ತಂದರೆ ನನಗಿಂತ ಮೊದಲು ಅವಳೇ ಬೈಯುತ್ತಿದ್ದಳು.

ಇನ್ನು ಗಂಗವ್ವ. ಸಿದ್ಧಪ್ಪನ ಹೆಂಡತಿ. ಈ ಬರಹ ಅವಳ ಕುರಿತದ್ದೇ, ಉಳಿದದ್ದೆಲ್ಲ ಅವಳ ಮನೆಯ ದಾರಿ.

ಬಾಣಂತಿ ಎಂದರೆ ನಮ್ಮಲ್ಲಿ ಕತ್ತಲೆಯ ಕೋಣೆ, ಹೊರಸಿನ ಕೆಳಗೆ ಕೆಂಡದ ಕುಂಪಟಿ, ಅಜವಾನದ ಹೊಗೆ, ಕಿವಿಗೆ ಬಿಗಿದ ಬಟ್ಟೆ. ಐದನೇ ದಿನ ಸಟವಿ ಪೂಜೆ. ಅಂದು ಸಟವಿ ತಾಯಿ ಬಂದು ಕೂಸಿನ ಹಣೆಯಲ್ಲಿ ಬರೆಯುತ್ತಾಳೆ. ಮರಾಠರಲ್ಲೂ ಇದೇ ಪದ್ಧತಿ, ಅವರ ಬಾಯಲ್ಲಿ ಅವಳು ಸಟವಾಯಿ. ಬರೆಯುವ ತನಕ ಕೂಸನ್ನು ಹುಟ್ಟಿದ ಮನೆಯಿಂದ ಕದಲಿಸಬಾರದು. ಆದರೆ ಬಾವುಟಕ್ಕೆ ಬಾಣಂತಿಯೂ ಒಂದೇ, ಎಮ್ಮೆಯೂ ಒಂದೇ. ಗಂಗವ್ವನ ಮೊದಲ ಗಂಡುಮಗು ಹುಟ್ಟಿದ ಮೂರನೇ ದಿನ ಬಾವುಟ ಏರಿತು. ಏರಿಸಿದವನು ಮಗುವಿನ ಅಪ್ಪನೇ. ಬೆಳಗಿನ ಚಳಿಗಾಳಿಯಲ್ಲಿ ಬನಕ್ಕೆ ಹೋದ ಮಗು ಎದೆ ಕಟ್ಟಿ ತೀರಿಕೊಂಡಿತು. ಎರಡನೆಯದೂ ಗಂಡು, ಬನದಲ್ಲೇ ಹುಟ್ಟಿತು. ನಾನೇ ಹಿಡಿದೆ. ಸುತ್ತಲೂ ನಾಲ್ಕು ಸೀರೆ ಹಿಡಿದು ನಿಂತರೂ ಧೂಳು ಬರುವುದು ಬಂತು. ಒಂದೊಂದು ಫಿರಂಗಿ ಹಾರಿದಾಗಲೂ ಆ ಕೂಸು ಎರಡೂ ಕೈ ಅಗಲಿಸಿ ಬೆಚ್ಚುತ್ತಿತ್ತು. ಹಾಲು ಕುಡಿಯಲಿಲ್ಲ. ಅದೂ ಉಳಿಯಲಿಲ್ಲ.

ಮೂರನೆಯದು ನಿಂತಾಗ ನಾನು ಗಂಗವ್ವನಿಗೆ ಶಹರಕ್ಕೆ ಬಾ ಅಂದೆ. ತವರಿಗೆ ಕಳಿಸೋಣವೆಂದರೆ ಅವಳ ತಾಯಿ ಇರಲಿಲ್ಲ, ಅಣ್ಣಂದಿರ ಮನೆ ಇದ್ದೂ ಇಲ್ಲದಂತೆ.

"ನನ್ನ ಖೋಲ್ಯಾಗ ಇರು. ದವಾಖಾನಿನೂ ಹತ್ತರ ಅದ," ಅಂದೆ.

"ನಿಮ್ಮ ಮನಿಗಿ ಬರಾಕ ನನಗೇನು ಸಂಕೋಚಿಲ್ರಿ ಅಕ್ಕಾರ," ಅಂದಳು. "ಆದರ ಇಬ್ಬರ ಹಣಿಬರಾನೂ ಬಯಲಾಗ ಹೋತು. ಇದೊಂದು ನನ್ನ ಮನಿಯಾಗ ಹುಟ್ಟಬೇಕ್ರಿ. ಹತ್ತು ದಿನ ನನ್ನ ಯಾರೂ ಎಬ್ಬಿಸಬಾರದು. ಇಷ್ಟ ಕೇಳತೀನಿ."

ಸಿದ್ಧಪ್ಪ ಬಾಗಿಲಲ್ಲಿ ನಿಂತಿದ್ದ. ಬಾವುಟ ಏರಿಸಲಿಲ್ಲವೆಂದರೆ ಕೆಲಸ ಹೋಗುತ್ತಿತ್ತು, ಅವನ ಜಾಗಕ್ಕೆ ಇನ್ನೊಬ್ಬ ಬಂದು ಏರಿಸುತ್ತಿದ್ದ.

ನಾನು ಡಾಕ್ಟರ ಸಾಹೇಬರ ಬೆನ್ನು ಹತ್ತಿದೆ. ಅವರು ಬರೆಯೋಣ ಅಂದರು. ಬರೆದು ಉತ್ತರ ಬರುವಷ್ಟರಲ್ಲಿ ಆ ಮಗು ಶಾಲೆಗೆ ಹೋಗುತ್ತದೆ ಎಂದೆ. ಅವರು ಕೋಟು ಹಾಕಿಕೊಂಡು ಟಾಂಗಾಕ್ಕೆ ಹೇಳಿ ಕಳಿಸಿದರು. ಚಾಂದಮಾರಿಯ ಉಸ್ತುವಾರಿ ಆಗ ಒಬ್ಬ ಗೋರಾ ಕ್ಯಾಪ್ಟನ್‌ದು. ತೆಳ್ಳಗೆ, ಬಿಸಿಲಿಗೆ ಮೂಗು ಸುಲಿದ ಮನುಷ್ಯ. ಅವನದು ಅರೆಬರೆ ಹಿಂದುಸ್ತಾನಿ, ನನ್ನದು ಅದಕ್ಕಿಂತ ಅರ್ಧ. ಡಾಕ್ಟರರು ಇಂಗ್ಲಿಷಿನಲ್ಲಿ ಪೀಠಿಕೆ ಹಾಕುತ್ತಲೇ ಇದ್ದರು. ಕ್ಯಾಪ್ಟನ್ ನನ್ನ ಕಡೆ ನೋಡಿ, ಹೆಂಗಸರು ಬನದಲ್ಲಿ ಡೇರೆಯೊಳಗೆ ಮಲಗಲಿ, ಡೇರೆ ನಾನು ಕೊಡುತ್ತೇನೆ ಅಂದ.

"ಸಾಹೇಬ್, ಆಪ್ ಕಹಾಂ ಪೈದಾ ಹುಏ?" ಅಂದೆ, ನೀವು ಹುಟ್ಟಿದ್ದೆಲ್ಲಿ ಎಂದು ಕೇಳಿಬಿಟ್ಟೆ.

ಡಾಕ್ಟರರು ಕೆಮ್ಮಿದರು. ಕ್ಯಾಪ್ಟನ್ ಸುಲಿದ ಮೂಗು ಉಜ್ಜಿಕೊಂಡು, "ಘರ್ ಮೇಂ", ಮನೆಯಲ್ಲಿ, ಅಂದ.

ಅಲ್ಲಿಂದ ಮುಂದೆ ಮಾತು ಸಲೀಸಾಯಿತು. ಗುಡ್ಡದ ಪೂರ್ವಕ್ಕೆ ಇನ್ನೊಂದು ಗುರಿಬಯಲಿತ್ತು. ಅಲ್ಲಿಗೆ ಹೊಡೆದರೆ ಲಿಂಬವಾಡಿಯ ತಲೆಯ ಮೇಲೆ ಗುಂಡು ಹಾರುವುದಿಲ್ಲ. ಫಿರಂಗಿ ಎಳೆದುಕೊಂಡು ದೂರ ಹೋಗಬೇಕು, ಅಷ್ಟೇ. ಊರಲ್ಲಿ ಬಾಣಂತಿ ಇದ್ದರೆ ಆ ಮನೆಯ ಮೇಲೆ ಉದ್ದನೆಯ ಬಿದಿರಿಗೆ ಬಟ್ಟೆ ಕಟ್ಟಬೇಕು. ಗುಡ್ಡದ ಮೇಲಿನ ಪಹರೆಯವನು ದುರ್ಬೀನಿನಲ್ಲಿ ನೋಡಿ ತಿಳಿಸುತ್ತಾನೆ, ಹತ್ತು ದಿನ ಪೂರ್ವಕ್ಕೆ ಹೊಡೆಯುತ್ತಾರೆ. ಟಾಂಗಾದಲ್ಲಿ ವಾಪಸು ಬರುವಾಗ ಡಾಕ್ಟರರು, "ಬಾಯಿ, ನಿಮ್ಮ ಪ್ರಶ್ನೆ ಯಾವ ಶಿಷ್ಟಾಚಾರದ ಪುಸ್ತಕದಲ್ಲೂ ಇಲ್ಲ" ಅಂದರು. ಸ್ವಲ್ಪ ದೂರ ಹೋದ ಮೇಲೆ ಒಬ್ಬರೇ ನಕ್ಕರು.

ಪಾಟೀಲರ ಸೊಸೆಯ ಬಾಣಂತನಕ್ಕೆ ಮೊದಲು ಬಟ್ಟೆ ಏರಿತು. ಮಾತಿನಂತೆ ನಡೆಯಿತು. ಅದಾದ ಮೇಲೆ ಇನ್ನೆರಡು. ಅಷ್ಟರಲ್ಲಿ ಪಾಡ್ಯ ಬಂತು, ನಮ್ಮ ಯುಗಾದಿ. ಮರಾಠರು ಅಂದು ಮನೆಮನೆಯ ಮೇಲೆ ಗುಡಿ ಏರಿಸುತ್ತಾರೆ. ಉದ್ದನೆಯ ಬಿದಿರು, ತುದಿಗೆ ಬಟ್ಟೆ, ಬೇವಿನ ಸೊಪ್ಪು, ಬತ್ತಾಸಿನ ಸರ, ಮೇಲೆ ಬೋರಲು ಹಾಕಿದ ತಂಬಿಗೆ. ನಾನು ಪುಣೆಯಲ್ಲಿ ಅಷ್ಟು ವರ್ಷ ಗುಡಿ ನೋಡಿದವಳು. ಊರಿನವರು ಹುಟ್ಟಿದಾಗಿನಿಂದ ಏರಿಸಿದವರು. ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹಬ್ಬದ ಬೆಳಿಗ್ಗೆ ಗುಡ್ಡದ ಮೇಲಿನಿಂದ ನೋಡಿದ ಪಹರೆಯವನಿಗೆ ಲಿಂಬವಾಡಿಯ ಪ್ರತಿ ಮನೆಯ ಮೇಲೂ ಬಟ್ಟೆ. ಹನುಮಂತ ದೇವರ ದೇವಸ್ಥಾನದ ಮೇಲೂ ಒಂದು.

ಅವತ್ತು ದೊಡ್ಡ ಸಾಹೇಬರೊಬ್ಬರು ಕವಾಯತು ನೋಡಲು ಬರುವವರಿದ್ದರಂತೆ. ಫಿರಂಗಿಗಳು ಪಶ್ಚಿಮಕ್ಕೆ, ಊರಿನ ಮೇಲಿಂದ ಹೊಡೆಯಲು, ಸಿದ್ಧವಾಗಿ ನಿಂತಿದ್ದವು. ಇಡೀ ಊರೇ ಹೆತ್ತಿದೆ ಎಂಬ ವರದಿ ಬಂದು, ಕೆಂಪು ಬಾವುಟ ಏರುವ ಮೊದಲೇ ಎಲ್ಲ ನಿಂತುಹೋಯಿತು. ಮಧ್ಯಾಹ್ನ ಕ್ಯಾಪ್ಟನ್ ಕುದುರೆ ಏರಿ, ಇಬ್ಬರು ಸವಾರರೊಡನೆ ಊರಿಗೆ ಬಂದ. ಮುಖ ಕುದಿಯುತ್ತಿತ್ತು. ನಾನು ಆಗ ಸಿದ್ಧಪ್ಪನ ಮನೆಯಲ್ಲಿ ಹಬ್ಬದ ಊಟಕ್ಕೆ ಕೂತಿದ್ದೆ, ಎಲೆ ಬಿಟ್ಟು ಎದ್ದು ಬಂದೆ.

ನಾನು ಬಾಯಿ ಬಿಡುವ ಮೊದಲೇ ಸಕು ಆಜಿ ಬೇವುಬೆಲ್ಲದ ತಟ್ಟೆ ಹಿಡಿದು ಕುದುರೆಯ ಮುಂದೆ ನಿಂತಳು. ಹಬ್ಬದ ದಿನ ಮನೆಗೆ ಬಂದವರು ತಿನ್ನದೆ ಹೋಗಬಾರದು ಎಂಬುದಷ್ಟೇ ಅವಳ ಕಾನೂನು. ಕ್ಯಾಪ್ಟನ್ ಬೆಲ್ಲವೆಂದುಕೊಂಡು ಬಾಯಿಗೆ ಹಾಕಿದ. ಬೇವು ಹಲ್ಲಿಗೆ ಸಿಕ್ಕಾಗ ಅವನ ಮುಖ ನೋಡಬೇಕಿತ್ತು. ಉಗುಳುವಂತಿಲ್ಲ, ಸುತ್ತಲೂ ಊರು ನಿಂತಿದೆ. ನುಂಗಿದ. ನನ್ನ ಕಡೆ ತಿರುಗಿ, "ಬಸ್. ಖತಮ್" ಅಂದ. ಇನ್ನು ಮುಂದೆ ಬಟ್ಟೆಯೂ ಇಲ್ಲ, ಹತ್ತು ದಿನವೂ ಇಲ್ಲ. ಮೇಲಿನವರ ಮುಂದೆ ತನ್ನ ಮಾನ ಹೋಯಿತು ಅಂದ.

ನಾನು ಗುಡಿಯ ಕಥೆ ಹೇಳಲು ಹೊರಟೆ. ಹಿಂದುಸ್ತಾನಿ ಸಾಲಲಿಲ್ಲ. ಅವನು ಲಗಾಮು ತಿರುಗಿಸಿದ. ಆಗ ಗಂಗವ್ವ ಒಳಗಿನಿಂದ ಬಂದಳು. ತುಂಬು ಬಸುರಿ, ಇನ್ನು ತಿಂಗಳೊಪ್ಪತ್ತಿನ ಮಾತು. ಕೈಯಲ್ಲಿ ಒಂದು ಕೌದಿ. ನಮ್ಮ ಕಡೆ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ. ಕೆಂಪು, ಕಪ್ಪು, ಹಸಿರು, ಹಳದಿ, ಯಾವುದಕ್ಕೂ ಯಾವುದೂ ಹೊಂದುವುದಿಲ್ಲ, ಆದರೂ ಚೆಂದ. ಅವಳು ಕ್ಯಾಪ್ಟನ್‌ನ ಮುಖ ನೋಡದೆ ಕುದುರೆಯ ಕಾಲು ನೋಡುತ್ತ ಕನ್ನಡದಲ್ಲೇ ಹೇಳಿದಳು.

"ಇದನ್ನ ಯಾರೂ ಗುಡಿಗಿ ಏರಿಸೂದಿಲ್ರಿ ಸಾಹೇಬ್ರ. ಬಾಣಂತಿ ಇದ್ರ ಇದನ್ನ ಕಟ್ಟತೀವಿ. ಹಬ್ಬದ ಬಟ್ಟಿ ಬ್ಯಾರೆ, ಇದು ಬ್ಯಾರೆ."

ಸಿದ್ಧಪ್ಪ ಅದನ್ನು ಹಿಂದುಸ್ತಾನಿಯಲ್ಲಿ ಹೇಳಿದ. ಕ್ಯಾಪ್ಟನ್ ಕೌದಿಯ ಅಂಚು ಹಿಡಿದು ನೋಡಿ, ಯಾರಿಗೆ ಹೊಲಿದದ್ದು ಎಂದು ಕೇಳಿದ.

"ಮೊದಲನೇ ಕೂಸಿಗೆ," ಅಂದಳು ಗಂಗವ್ವ. "ಅದು ಹೊದಕೊಳ್ಳಲಿಲ್ರಿ. ಎರಡನೇದೂ ಹೊದಕೊಳ್ಳಲಿಲ್ಲ."

ಸಿದ್ಧಪ್ಪನಿಗೆ ಇದನ್ನು ತಿರುಗಿಸಿ ಹೇಳಲು ಆಗಲಿಲ್ಲ. ನಾನೇ ಹೇಳಿದೆ. ಎರಡು ಬೆರಳು ತೋರಿಸಿ, ನೆಲ ತೋರಿಸಿದೆ. ಕ್ಯಾಪ್ಟನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕೌದಿ ಕಂಡರೆ ಪೂರ್ವಕ್ಕೆ ಹೊಡೆಯುತ್ತೇವೆ ಎಂದು ಹೇಳಿ ಹೊರಟುಹೋದ. ಅವನು ಒಳ್ಳೆಯವನೋ ಕೆಟ್ಟವನೋ ನಾನು ವಿಚಾರಿಸಲಿಕ್ಕೆ ಹೋಗಿಲ್ಲ. ಮರುದಿನ ಪಶ್ಚಿಮಕ್ಕೆ ಹೊಡೆದ, ನಾವು ಬನಕ್ಕೆ ಹೋದೆವು. ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಗಂಗವ್ವ ವೈಶಾಖದಲ್ಲಿ ಹೆತ್ತಳು, ಹೆಣ್ಣುಮಗು. ಹೆರಿಗೆ ಕಠಿಣವಾಗಿತ್ತು. ಸಕು ಆಜಿ ಬೆನ್ನು ಒತ್ತುತ್ತ, ನಾನು ಮುಂದೆ ಕೂತು, ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಳ್ಳುತ್ತ ಮಾಡಿಸಿದೆವು. ಮಗು ಅತ್ತಾಗ ಸಿದ್ಧಪ್ಪ ಮಾಳಿಗೆ ಏರಿ ಬಿದಿರಿಗೆ ಕೌದಿ ಕಟ್ಟಿದ. ಅಷ್ಟು ವರ್ಷ ಬಾವುಟ ಏರಿಸಿದ ಕೈ, ಅವತ್ತು ಗಂಟಿನ ಮೇಲೆ ಗಂಟು ಹಾಕಿತು.

ಆ ಹತ್ತು ದಿನಗಳನ್ನು ಹೇಗೆ ಹೇಳಲಿ. ಪೂರ್ವದ ಕಡೆ ದೂರದಲ್ಲಿ ಗುಡುಗಿದಂತೆ ಸದ್ದು, ಅಷ್ಟೇ. ಊರಿನೊಳಗೆ ಬಾವಿಯ ಗಾಲಿ ತಿರುಗುವುದು ಕೇಳುತ್ತಿತ್ತು. ಬೀಸುವ ಕಲ್ಲಿನ ಹಾಡು ಕೇಳುತ್ತಿತ್ತು. ಬೆಳವದ ಹಕ್ಕಿ ಕೂಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕುಂಪಟಿಯ ಕಾವು, ಅಜವಾನದ ವಾಸನೆ, ಮಗು ಹಾಲು ಚೀಪುವ ಸದ್ದು. ಐದನೇ ದಿನ ಸಟವಿ ಪೂಜೆಗೆ ಗಂಗವ್ವ ಎದ್ದು ಕೂತು ಕೈ ಮುಗಿದಾಗ ಅವಳ ಮುಖ ಹೇಗಿತ್ತೆಂದರೆ, ನನಗೆ ನನ್ನ ತಾಯಿಯ ನೆನಪು ಬಂತು. ನಾನು ಯಾವತ್ತೂ ಹೆರಲಿಲ್ಲ. ಆ ಕೋಣೆಯ ಹೊಸ್ತಿಲಲ್ಲಿ ಕೂತಾಗ ಅದೊಂದು ಕೊರತೆ ನನ್ನನ್ನು ಕಾಡಲಿಲ್ಲ. ಬದುಕಿನಲ್ಲಿ ಏನಾದರೂ ಒಂದನ್ನು ಮತ್ತೆ ಕೊಡುತ್ತೇನೆಂದು ದೇವರು ಬಂದು ಕೇಳಿದರೆ ನಾನು ಲಿಂಬವಾಡಿಯ ಆ ಹತ್ತು ದಿನ ಕೇಳುತ್ತೇನೆ. ಬೇರೆ ಏನೂ ಬೇಡ.

ಮುಂದೆ ಕೆಲವು ವರ್ಷ ಆ ಕೌದಿ ಮನೆಯಿಂದ ಮನೆಗೆ ತಿರುಗಿತು. ಯಾವ ಮನೆಯಲ್ಲಿ ಹೆರಿಗೆಯಾದರೂ ಹತ್ತು ದಿನ ಮುಗಿದ ಮೇಲೆ ಒಗೆದು, ಹರಿದಲ್ಲಿ ತಮ್ಮದೊಂದು ತುಂಡು ಹಚ್ಚಿ ಗಂಗವ್ವನಿಗೆ ತಿರುಗಿ ಕೊಡುತ್ತಿದ್ದರು. ಬನಕ್ಕೆ ಹೋಗಲು ಬೇಸರವಾದಾಗ ಬಾಣಂತಿ ಇಲ್ಲದೆಯೂ ಅದನ್ನು ಏರಿಸೋಣವೆಂದು ಪಾಟೀಲರ ತಾಯಿ ಒಮ್ಮೆ ಸೂಚಿಸಿದ್ದುಂಟು. ಸಕು ಆಜಿ ಆ ಮುದುಕಿಯನ್ನು ನೋಡಿ, "ಏರಿಸು, ಹೆರುವವಳು ನೀನೇ ಆದರೆ" ಅಂದಳು. ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಚಳಿಜ್ವರ ಇದ್ದೇ ಇತ್ತು, ಬಾವಿಯ ನೀರು ತಿಳಿಯಾಗಲಿಲ್ಲ, ಗೋಡೆಯ ಬಿರುಕು ಬೆಳೆಯುತ್ತಲೇ ಹೋಯಿತು. ಆದರೂ ಎಳೆಯ ಕೂಸುಗಳು ಬನದ ಗಾಳಿಗೆ ಸಾಯುವುದು ನಿಂತಿತು.

ಆಮೇಲೆ ಎರಡನೆಯ ಯುದ್ಧ ಬಂತು. ಕ್ಯಾಪ್ಟನ್ ಯಾವುದೋ ದೇಶಕ್ಕೆ ಹೋದ. ಹೊಸ ಸಿಪಾಯಿಗಳು ಬಯಲು ತುಂಬಿದರು. ಅವರೂ ಪಾಪ, ಮೀಸೆ ಮೂಡದ ಹುಡುಗರು. ಬೇಗ ಕಲಿಸಿ ಬೇಗ ಕಳಿಸಬೇಕಿತ್ತು. ಪೂರ್ವವೂ ಇಲ್ಲ, ಪಶ್ಚಿಮವೂ ಇಲ್ಲ, ಎಲ್ಲ ಕಡೆಗೂ ಹೊಡೆಯತೊಡಗಿದರು. ಒಂದು ಮನೆಯಲ್ಲಿ ಹಸಿ ಬಾಣಂತಿ ಇದ್ದಳು, ಮಾಳಿಗೆಯ ಮೇಲೆ ಕೌದಿ ಇತ್ತು, ಕೆಂಪು ಬಾವುಟ ಏರಿತು. ನಾನು ಹೊಸ ಅಧಿಕಾರಿಯ ಹತ್ತಿರ ಹೋದೆ. ಅವನು ಕೆಟ್ಟ ಮಾತೇನೂ ಆಡಲಿಲ್ಲ. ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಕೆಲವೇ ದಿನಗಳಲ್ಲಿ, ಲಿಂಬವಾಡಿಯ ಭೂಮಿ ಚಾಂದಮಾರಿಗೆ ಬೇಕಾಗಿದೆ, ಊರು ಖಾಲಿ ಮಾಡಬೇಕು ಎಂಬ ಹುಕುಂ ಬಂತು. ನಮ್ಮ ಡಾಕ್ಟರ ಸಾಹೇಬರು ಆ ಸಲ ಬರೆಯೋಣ ಅನ್ನಲಿಲ್ಲ. ತಾವೇ ಎದ್ದು ಹೋದರು, ಮತ್ತೊಮ್ಮೆ ಹೋದರು. ಎರಡೂ ಸಲ ಬರಿಗೈಯಲ್ಲಿ ಹಿಂತಿರುಗಿ ಬಂದು ಕುರ್ಚಿಯಲ್ಲಿ ಕೂತರು.

ಊರು ಬಿಡುವ ದಿನ ನಾನು ನಸುಕಿನಲ್ಲೇ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ. ಒಂದು ವಾಡಿ ಗಾಡಿಗೆ ಏರುವಾಗ ನರ್ಸು ಬೇಕಾಗುತ್ತಾಳೆ ಎಂದು ನಾನೇ ತೀರ್ಮಾನಿಸಿದೆ. ಜನ ಬಾಗಿಲು, ಚೌಕಟ್ಟು ಕಿತ್ತು ಗಾಡಿಗೆ ಹೇರುತ್ತಿದ್ದರು. ಸಕು ಆಜಿ ತನ್ನ ಒಲೆಗುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಕೆಲವರು ದೌಂಡಿನ ಕಡೆ ಹೊರಟಿದ್ದರು, ಅಲ್ಲಿ ರೈಲ್ವೆಯಲ್ಲಿ ಕೂಲಿ ಸಿಗುತ್ತದೆಂದು. ಸಿದ್ಧಪ್ಪನೂ ಅವರ ಜೊತೆ. ಬಾವುಟದ ಕೆಲಸ ಮಾಡಲು ಇನ್ನು ಊರೇ ಇರುವುದಿಲ್ಲ.

ಎತ್ತು ಹೂಡಿದರು. ಗಂಗವ್ವ ಕಾಣಲಿಲ್ಲ. ಐದು ವರ್ಷದ ಮಗಳು ಗಾಡಿಯ ಮೇಲೆ ಕೂತು ಅವ್ವನ ಹಾದಿ ನೋಡುತ್ತಿದ್ದಳು. ಸಿದ್ಧಪ್ಪ ನನ್ನ ಮುಖ ನೋಡಿದ. ಅವಳು ಎಲ್ಲಿದ್ದಾಳೆಂದು ಅವನಿಗೆ ಗೊತ್ತಿತ್ತು, ಅಲ್ಲಿಗೆ ಹೋಗುವ ಧೈರ್ಯವಿರಲಿಲ್ಲ.

ಊರಾಚೆ ಒಂದು ಹೊಲದ ಬದುವಿನಲ್ಲಿ ಎರಡು ಕಲ್ಲುಗಳಿದ್ದವು. ಎಳೆಯ ಕೂಸುಗಳನ್ನು ನಾವು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಗಂಗವ್ವ ಅಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಕಲ್ಲಿನ ಸುತ್ತಲಿನ ಹುಲ್ಲು ಕಿತ್ತು ಬದಿಗೆ ಹಾಕುತ್ತಿದ್ದಳು.

"ಏಳವ್ವಾ, ಗಾಡಿ ಹೂಡ್ಯಾರ," ಅಂದೆ.

"ಬಂದೆ ನಡೀರಿ ಅಕ್ಕಾರ." ಆದರೆ ಏಳಲಿಲ್ಲ. ಇನ್ನೊಂದು ಹಿಡಿ ಹುಲ್ಲು ಕಿತ್ತು ಕೇಳಿದಳು. "ಮಗಳ ಸಲುವಾಗಿ ಹತ್ತು ದಿನ ಸುಮ್ಮನಿರ್ರಿ ಅಂತ ನೀವು ಸಾಹೇಬರಿಗೆ ಹೇಳಿ ಬಂದ್ರಿ. ಇವರ ಸಲುವಾಗಿ ಯಾರಿಗೆ ಹೇಳೂದ್ರಿ? ಇಷ್ಟ ದಿನ ಗುಂಡು ಇವರ ಮ್ಯಾಲೆ ಹಾರಿ ಹೋಗತಿದ್ವು. ನಾಳಿಯಿಂದ ಇಲ್ಲೇ ಬೀಳತಾವಂತ."

ನಾನು ನರ್ಸು. ಮಲಗಿದವರನ್ನು ಎಬ್ಬಿಸುವುದು, ಕೂತವರನ್ನು ನಡೆಸುವುದು ನನ್ನ ವೃತ್ತಿ. ಎಷ್ಟೋ ಸಾವಿನ ಮನೆಗಳಲ್ಲಿ ಹೆಂಗಸರ ರಟ್ಟೆ ಹಿಡಿದು ಎತ್ತಿ ನೀರು ಕುಡಿಸಿದ್ದೇನೆ. ಅವತ್ತು ನನ್ನಿಂದ ಆಗಲಿಲ್ಲ. ಅವಳ ಪಕ್ಕದಲ್ಲಿ ಕೂತು ನಾನೂ ಹುಲ್ಲು ಕೀಳತೊಡಗಿದೆ. ಎರಡನೆಯದನ್ನು ಹಿಡಿದದ್ದು ಈ ಕೈಗಳೇ. ಅತ್ತ ಗಾಡಿಗಳು ಕಾದವು, ಯಾರೂ ಕರೆಯಲಿಲ್ಲ.

ಗಂಗವ್ವ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂತು, ಬಾವುಟ ಬದಲಾಯಿತು, ಚಾಂದಮಾರಿ ಅಲ್ಲೇ ಇದೆ. ಕಲಿಯುವವರು ಈಗ ನಮ್ಮ ಹುಡುಗರು, ಅವರು ಕಲಿಯಲೇಬೇಕು, ನನಗೂ ಗೊತ್ತು. ಆದರೂ ಆ ದಿಕ್ಕಿನಿಂದ ಸದ್ದು ಬಂದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ. ಆ ಎರಡು ಕೂಸುಗಳು ಬೆಚ್ಚಿ ಎದ್ದವೇನೋ ಅನ್ನಿಸುತ್ತದೆ.